ಜೀವವಿದ್ದ ಆರು ಎಳೆ

ಮಾರ್ಚ್ ೪, ೧೮೮೯

ನನ್ನ ಮನೆಯಾಕೆಗೆ,

ಸುಖವಾಗಿ ತಲುಪಿದೆ. ಸುಖ ಎನ್ನುವುದು ಪತ್ರದ ಮಾತು. ಅಂಚೆ ಗಾಡಿಯ ಕುಲುಕಾಟಕ್ಕೆ ಸೊಂಟ ಇನ್ನೂ ತನ್ನ ಜಾಗಕ್ಕೆ ಬಂದಿಲ್ಲ. ಛತ್ರದಲ್ಲಿ ಇಳಿದುಕೊಳ್ಳುತ್ತೇನೆ ಎಂದರೆ ನಿನ್ನ ಅಮ್ಮ ಬಿಡಬೇಕಲ್ಲ. "ಅಳಿಯಂದಿರು ಬಂದು ಛತ್ರದಲ್ಲಿ ಮಲಗಿದ್ರೆ ನಾನು ನಾಲ್ಕು ಜನರಿಗೆ ಮುಖ ತೋರಿಸೋದು ಹೇಗೆ?" ಎಂದು ನನ್ನ ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಒಳಗೆ ನಡೆದರು. ಹಾಗಾಗಿ ಮುಂದಿನ ಕೋಣೆಯಲ್ಲಿ, ದಾರದ ಉಂಡೆಗಳ ಕಪಾಟಿನ ಕೆಳಗೆ ನನ್ನ ಹಾಸಿಗೆ. ಮೇಣದ ವಾಸನೆಗೆ ನಿನ್ನ ನೆನಪಾಗುತ್ತದೆ.

ಯಾಕೆ ಬಂದಿದ್ದೇನೆಂದು ಅತ್ತೆಗೆ ಹೇಳಿಲ್ಲ. ಪೇಟೆಯ ತೂಕದ ಕಲ್ಲುಗಳ ತಪಾಸಣೆಗೆ ಬಂದಿದ್ದೇನೆ ಎಂದು ಬುರುಡೆ ಬಿಟ್ಟಿದ್ದೇನೆ. ಅದೇ ಕುತ್ತಿಗೆಗೆ ಬಂತು ನೋಡು. ತರಕಾರಿಯವನು, ಎಣ್ಣೆಯವನು, ಸೌದೆಯವನು ಯಾರ್ಯಾರು ಹೇಗೆ ಹೇಗೆ ಮೋಸ ಮಾಡುತ್ತಾರೆ ಎಂಬ ದೂರನ್ನು ಊಟದ ಜೊತೆಗೇ ಬಡಿಸುತ್ತಾರೆ.

ನಿನಗಾದರೂ ನಿಜ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅರಮನೆಯ ಏಳೆಳೆ ಮುತ್ತಿನ ಹಾರ ಕಳುವಾಗಿದೆ. ಹೌದು, ನಿನ್ನ ಅಮ್ಮ ಜೀವಮಾನವೆಲ್ಲ ಪೋಣಿಸಿಕೊಂಡು ಬಂದ ಅದೇ ಹಾರ. ಮೇ ತಿಂಗಳಲ್ಲಿ ರಾಜಕುಮಾರಿಯ ಮದುವೆ. ಅದಕ್ಕೆಂದು ಕಬ್ಬಿಣದ ಪೆಟ್ಟಿಗೆ ತೆರೆದರೆ ಒಳಗಿದ್ದದ್ದು ಒಂದೇ ಎಳೆ. ಉಳಿದ ಆರೂ ಮಾಯ. ಹೋದ ಮಳೆಗಾಲದಲ್ಲಿ ಹಾರವನ್ನು ಆ ಪೆಟ್ಟಿಗೆಗೆ ಹಾಕಿ ಮುದ್ರೆ ಒತ್ತಿದವರು ಹೊಸ ಖಜಾನೆ ಅಧಿಕಾರಿ. "ಏಳೂ ಎಳೆ ಕಣ್ಣಾರೆ ಕಂಡು ಸಹಿ ಹಾಕಿದ್ದೇನೆ" ಎನ್ನುತ್ತಾರೆ. ಅಂದಮೇಲೆ ಕಳುವಾದದ್ದು ಆಮೇಲೆ. ಆಮೇಲೆ ಆ ಬಾಗಿಲಲ್ಲಿ ಇದ್ದವನು ಒಬ್ಬ ಕಾವಲುಗಾರ, ಸದಾ ಕೆಮ್ಮುವ ಮನುಷ್ಯ. ಅವನನ್ನು ಗುಟ್ಟಾಗಿ ಸೆರೆಗೆ ಹಾಕಿದ್ದಾರೆ. ಹಾರ ಸಿಗದಿದ್ದರೆ ಕಡಲಾಚೆಯ ಸೆರೆಮನೆಗೆ ಕಳಿಸುತ್ತಾರಂತೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ.

ಊರಿಗೆ ಸುದ್ದಿ ಬಿಟ್ಟಿಲ್ಲ. ಅತ್ತೆಗಂತೂ ಹೇಳಲೇಬಾರದು ಎಂದು ನಿಶ್ಚಯಿಸಿದ್ದೇನೆ. ಇಲಾಖೆಯ ಕಟ್ಟುನಿಟ್ಟು ಒಂದು ಕಡೆ. ಹೊಸ ಅಧಿಕಾರಿ ಬಂದು "ಇನ್ನು ಪೋಣಿಸುವವರು ಬೇಡ" ಎಂದು ಮನೆಗೆ ಕಳಿಸಿದ ಮೇಲೆ ಮೊದಲೇ ಕುಗ್ಗಿದ ಜೀವ ಅದು. ಹಾರವೇ ಹೋಯಿತೆಂದು ತಿಳಿದರೆ ಎದೆ ಒಡೆದೀತು.

ಒಂದು ಪ್ರಶ್ನೆ. ಉಳಿದ ಎಳೆಯನ್ನು ಕೊಂಡಿಯ ಬಳಿ ಕತ್ತರಿಸಿದ್ದಾರೆ. ಆದರೆ ಕತ್ತರಿಸಿದ ಎರಡೂ ತುದಿಗೆ ಗಂಟು ಇದೆ. ಚಿತ್ರ ಬರೆದು ಕಳಿಸಿದ್ದೇನೆ. ಜೀವ ಕೈಯಲ್ಲಿ ಹಿಡಿದ ಕಳ್ಳ ಕೂತು ಗಂಟು ಯಾಕೆ ಹಾಕಿದ? ಪೋಣಿಸುವವರ ಮಗಳು ನೀನು, ನಿನಗೇನು ಅನಿಸುತ್ತದೆ?

ಇಂತು ನಿನ್ನ
ಸೊಂಟ ನೋವಿನವನು


ಮಾರ್ಚ್ ೧೦

ಪತ್ತೇದಾರ ಸಾಹೇಬರಿಗೆ ಮನೆಯಾಕೆಯ ನಮಸ್ಕಾರಗಳು.

ಸೊಂಟಕ್ಕೆ ಬಿಸಿ ಉಪ್ಪಿನ ಗಂಟಿನ ಶಾಖ ಕೊಡಲು ಅಮ್ಮನಿಗೆ ಹೇಳಿ. ಅತ್ತೆಯ ಮುಂದೆ ನಾಚಿಕೊಂಡು ನರಳಬೇಡಿ. ನನಗೂ ಬರಬೇಕೆಂದಿತ್ತು, ಆದರೆ ಹೊಲಿಗೆ ಶಾಲೆಯ ಹುಡುಗಿಯರಿಗೆ ಪರೀಕ್ಷೆ ಹತ್ತಿರ ಬಂದಿದೆ, ಈಗ ಬಿಟ್ಟು ಬಂದರೆ ಅರ್ಧ ಜನ ತೋಳಿಲ್ಲದ ಅಂಗಿ ಹೊಲಿದು ಕೊಡುತ್ತಾರೆ.

ನಿಮ್ಮ ಚಿತ್ರ ನೋಡಿ ನಗು ಬಂತು. ಗಂಟು ಬರೆದಿದ್ದೀರೋ, ಬದನೆಕಾಯಿ ಬರೆದಿದ್ದೀರೋ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಸಂಶಯವಿಲ್ಲ, ನಿಮ್ಮ ಕಳ್ಳ ಪೋಣಿಸುವ ಕೆಲಸದವನು. ಕತ್ತರಿಸಿದ ಎಳೆಯನ್ನು ಹಾಗೇ ಬಾಯಿಬಿಟ್ಟುಕೊಂಡು ಇರಲು ನಾವು ಬಿಡುವುದಿಲ್ಲ. ಚಿಕ್ಕಂದಿನಲ್ಲಿ ಬಿಟ್ಟರೆ ಅಮ್ಮ ಬೆರಳಿನ ಗೆಣ್ಣಿಗೆ ಕುಟ್ಟುತ್ತಿದ್ದಳು. ಮನೆಗೆ ಬೆಂಕಿ ಬಿದ್ದರೂ ನಮ್ಮವರು ಗಂಟು ಹಾಕಿಯೇ ಹೊರಗೆ ಓಡುತ್ತಾರೆ. ಅದು ಯೋಚಿಸಿ ಮಾಡುವುದಲ್ಲ, ಕೈ ತಾನೇ ಮಾಡುತ್ತದೆ.

ನೀವು ಆ ಹಾರದ ಮಾತೆತ್ತಿದ್ದೇ ಎತ್ತಿದ್ದು, ನನಗೆ ಏನೇನೋ ನೆನಪು. ಹೊಸ ದಾರ ಮೈ ಶಾಖಕ್ಕೆ ಜಗ್ಗುತ್ತದೆ. ಅದಕ್ಕೇ ಪೋಣಿಸಿದ ಮೇಲೆ ಒಡೆಯರಿಗೆ ಕೊಡುವ ಮೊದಲು ಪೋಣಿಸಿದವರೇ ಒಂದು ಹೊತ್ತು ಹಾಕಿಕೊಂಡು ದಾರವನ್ನು ಪಳಗಿಸಬೇಕು. ಅರಮನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಅಮ್ಮ ಖಜಾನೆಯ ಹೊರಕೋಣೆಯಲ್ಲಿ ಏಳೆಳೆ ಹಾರವನ್ನು ಬರಿಮೈಗೆ ತಾಗುವಂತೆ ಹಾಕಿ, ಮೇಲೆ ಶಾಲು ಹೊದ್ದು, ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಅದನ್ನು ಒಮ್ಮೆ ಕಂಡು ನಮ್ಮ ಅಮ್ಮನೇ ರಾಣಿ ಎಂದು ಬೀದಿಯಲ್ಲೆಲ್ಲ ಸಾರಿ ಪೆಟ್ಟು ತಿಂದಿದ್ದೆ. ಮುತ್ತಿಗೆ ಮೈ ಬೇಕು, ಕತ್ತಲೆಯಲ್ಲಿ ಒಣಗಿಸಿದರೆ ಸಾಯುತ್ತದೆ ಎಂದು ಅವಳು ಯಾವಾಗಲೂ ಹೇಳುತ್ತಿದ್ದಳು.

ಬಿಟ್ಟುಹೋದ ಆ ಒಂದು ಎಳೆಯ ಮುತ್ತು ಹೇಗಿದೆ? ಕಳ್ಳ ಅದನ್ನೇ ಯಾಕೆ ಬಿಟ್ಟ? ಅಮ್ಮ ಹೇಗಿದ್ದಾಳೆ, ಸರಿಯಾಗಿ ಬರೆಯಿರಿ. "ಚೆನ್ನಾಗಿದ್ದಾರೆ" ಎಂದು ಒಂದೇ ಮಾತಲ್ಲಿ ಮುಗಿಸಬೇಡಿ.


ಮಾರ್ಚ್ ೧೬

ಬದನೆಕಾಯಿ ಚಿತ್ರಕಾರನಿಂದ,

ನಿನ್ನ ಮಾತು ಹಿಡಿದು ಈ ಊರಿನ ಪೋಣಿಸುವವರ ಮನೆಗಳನ್ನೆಲ್ಲ ಸುತ್ತಿದೆ. ಗಿರಾಕಿಯ ವೇಷ ಹಾಕಿದ್ದರಿಂದ ಈಗ ನನ್ನ ಬಳಿ ಬೇಡದ ಮಣಿಸರಗಳು ರಾಶಿ ಬಿದ್ದಿವೆ. ಒಬ್ಬಾತನಿಗೆ ಕೈ ನಡುಕ, ಇನ್ನೊಬ್ಬಳು ಮಳೆಗಾಲದಲ್ಲಿ ಊರಲ್ಲೇ ಇರಲಿಲ್ಲ. ಎಲ್ಲರೂ ಕೊನೆಗೆ ಹೇಳುವುದು ಒಂದೇ: "ಒಳ್ಳೇ ಕೆಲಸ ಬೇಕಾದ್ರೆ ಮುತ್ತಿನಮ್ಮನ ಹತ್ರ ಹೋಗಿ ಸ್ವಾಮಿ." ನಿನ್ನ ಅಮ್ಮನ ಮನೆಯಲ್ಲೇ ಉಂಡು ಮಲಗುವವನಿಗೆ ಈ ಉಪದೇಶ!

ಉಳಿದ ಎಳೆಯ ಬಗ್ಗೆ ಕೇಳಿದ್ದೆಯಲ್ಲ. ಸೀಮೆಸುಣ್ಣದ ಉಂಡೆಗಳ ಹಾಗೆ ಬೆಳ್ಳಗೆ ಪೇಲವವಾಗಿದೆ, ಕಳೆಯೇ ಇಲ್ಲ. ಒಳಗಡೆಯ, ಎಲ್ಲಕ್ಕಿಂತ ಗಿಡ್ಡ ಎಳೆ ಅದು. ಅವಸರದಲ್ಲಿ ಕೈಜಾರಿ ಬಿದ್ದಿರಬೇಕು.

ಅತ್ತೆಯ ಬಗ್ಗೆ ಸರಿಯಾಗಿ ಬರೆಯುತ್ತೇನೆ, ಕೇಳು. ಇಲ್ಲಿ ಬಿಸಿಲು ಬೆಂಕಿ ಉಗುಳುತ್ತಿದೆ. ಆದರೂ ಅವರು ಕಿವಿಯವರೆಗೆ ಶಾಲು ಹೊದ್ದೇ ಇರುತ್ತಾರೆ. "ನೆಗಡಿ" ಎನ್ನುತ್ತಾರೆ, ಒಂದು ಸೀನು ಕೂಡ ನಾನು ಕೇಳಿಲ್ಲ. ಬೆಳಿಗ್ಗೆ ಹಿತ್ತಲ ಬಾಗಿಲು ಹಾಕಿಕೊಂಡು ಎಳೆಬಿಸಿಲಿಗೆ ಕೂರುತ್ತಾರೆ, ಆಗ ಕರೆದರೂ ಓ ಎನ್ನುವುದಿಲ್ಲ. ಆದರೆ ನೀನು ಹೆದರುವಂಥದ್ದೇನಿಲ್ಲ. ಹೋದ ಸಲ ಬಂದಾಗ ಬಾಗಿ ನಡೆಯುತ್ತಿದ್ದರು, ಈಗ ಕತ್ತು ನೆಟ್ಟಗೆ. ಮುಖದಲ್ಲಿ ಒಂದು ಬಗೆಯ ಸಮಾಧಾನ. ಕೆಲಸ ಬಿಟ್ಟದ್ದು ಒಳ್ಳೆಯದೇ ಆಯಿತು ಅನಿಸುತ್ತದೆ.

ಸೆರೆಮನೆಗೂ ಹೋಗಿದ್ದೆ. ಕಾವಲುಗಾರ ಕೆಮ್ಮುತ್ತಾ ಒಂದೇ ಮಾತು ಹೇಳಿದ: "ಸ್ವಾಮಿ, ಮುದ್ರೆ ಒಡೆದಿಲ್ಲ ಅಂತ ನೀವೇ ಹೇಳ್ತೀರಿ. ಮುದ್ರೆ ಒಡೀದೆ ನಾನು ಹೇಗೆ ತೆಗೀಲಿ?" ಹೊರಗೆ ಅವನ ಹೆಂಡತಿ ಬುತ್ತಿ ಹಿಡಿದು ನಿಂತಿದ್ದಳು. ದಿನವೂ ಬರುತ್ತಾಳಂತೆ. ಬುತ್ತಿ ಒಳಗೆ ಹೋಗುತ್ತದೆ, ಅವಳನ್ನು ಬಿಡುವುದಿಲ್ಲ.


ಮಾರ್ಚ್ ೨೨

ಪತ್ರ ತಲುಪಿತು.

ಗಂಟಿನ ಬಗ್ಗೆ ನಾನು ಬರೆದದ್ದನ್ನು ಮರೆತುಬಿಡಿ. ಅಂಥ ಗಂಟು ಯಾರು ಬೇಕಾದರೂ ಹಾಕಬಹುದು, ಗೋಣಿಚೀಲ ಹೊಲಿಯುವವರೂ ಹಾಕುತ್ತಾರೆ. ಏನೋ ಬಲ್ಲವಳಂತೆ ಮಾತಾಡಿದೆ.

ಈ ಕೆಲಸ ಬೇರೆಯವರಿಗೆ ಒಪ್ಪಿಸಿ ಬಂದುಬಿಡಲು ಆಗುವುದಿಲ್ಲವೇ? ಅಮ್ಮನ ಮನೆಯಲ್ಲಿ ಬಹಳ ದಿನ ಇರಬೇಡಿ. ಅವಳಿಗೆ ತೊಂದರೆ.


ಮಾರ್ಚ್ ೨೮

ನನ್ನ ಮನೆಯಾಕೆಗೆ,

ನಿನ್ನ ಮೂರು ಸಾಲಿನ ಪತ್ರವನ್ನು ಮೂವತ್ತು ಸಲ ಓದಿದೆ. ಮೊದಲು, ಮಣಿಸರಗಳಿಗೆ ದುಡ್ಡು ಸುರಿದೆನೆಂದು ಸಿಟ್ಟೇನೋ ಅಂದುಕೊಂಡೆ. ಆಮೇಲೆ ಹೊಳೆಯಿತು: ನಿನ್ನ ಪರೀಕ್ಷೆಯ ಗಡಿಬಿಡಿಯ ಬಗ್ಗೆ ನಾನು ಒಂದು ಮಾತೂ ಕೇಳಲಿಲ್ಲ, ಬರೀ ನನ್ನ ಸೊಂಟ, ನನ್ನ ಕಳ್ಳ. ತಪ್ಪಾಯಿತು. ಹುಡುಗಿಯರ ಅಂಗಿಗಳಿಗೆ ತೋಳು ಬಂತೇ?

ಅತ್ತೆಗೆ ನನ್ನಿಂದ ತೊಂದರೆ ಎಂದು ಬರೆದಿದ್ದೀಯೆ. ಅದು ಮಾತ್ರ ಸುಳ್ಳು. ನಿನ್ನೆ ತರಕಾರಿಯವನ ತಕ್ಕಡಿಯನ್ನು ನನ್ನ ಕೈಯಲ್ಲಿ ಪರೀಕ್ಷೆ ಮಾಡಿಸಿ, ಬೀದಿಯ ಹೆಂಗಸರ ಮುಂದೆ "ನಮ್ಮ ಅಳಿಯಂದಿರು" ಎಂದು ಎದೆ ಎತ್ತಿ ಹೇಳಿದರು. ಪುಣ್ಯಕ್ಕೆ ತಕ್ಕಡಿ ನಿಜಕ್ಕೂ ಸರಿಯಿರಲಿಲ್ಲ.

ಇಲ್ಲಿ ಕೆಲಸ ಹದಗೆಟ್ಟಿದೆ. ಕಳ್ಳ ಪೋಣಿಸುವವನು ಎಂದು ಮೇಲಿನವರಿಗೆ ಹೇಳಿದೆ. ಅವರು ನಕ್ಕರು. ಹಡಗು ಏಪ್ರಿಲ್ ೨೫ಕ್ಕೆ ಹೊರಡುತ್ತದೆ, ಕಾವಲುಗಾರ ಅದರಲ್ಲಿ ಹೋಗುತ್ತಾನೆ. ಅದಕ್ಕೆ ನನ್ನ ವರದಿಯ ಮೇಲೆ ನನ್ನ ಸಹಿ ಬೇಕು. ಅವನು ಕದ್ದಿಲ್ಲವೆಂದು ನನ್ನ ಮನಸ್ಸು ಹೇಳುತ್ತದೆ. ಮನಸ್ಸಿನ ಮಾತಿಗೆ ಕಚೇರಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಬೇಗ ಬರೆ.


ಏಪ್ರಿಲ್ ೨

ನಿನ್ನಿಂದ ಪತ್ರವಿಲ್ಲ. ಹುಷಾರಿಲ್ಲವೇ? ಇದ್ದರೆ ಪಕ್ಕದ ಮನೆಯವರ ಕೈಯಲ್ಲಾದರೂ ಎರಡು ಸಾಲು ಬರೆಸು.

ಇವತ್ತು ಕಾವಲುಗಾರನ ಹೆಂಡತಿ ಸೆರೆಮನೆಯ ಬಾಗಿಲಲ್ಲಿ ನನ್ನ ದಾರಿಗೆ ಅಡ್ಡ ನಿಂತಳು. ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ನಿಮ್ಮ ಮನೇಲಿ ಯಾರಿದಾರೆ?" ಎಂದು ಕೇಳಿದಳು. ಹೆಂಡತಿ ಇದ್ದಾಳೆ ಎಂದೆ. "ಅವರನ್ನ ಕೇಳಿ ನೋಡಿ, ಗಂಡ ಕಳ್ಳನೋ ಅಲ್ಲವೋ ಹೆಂಡತಿಗೆ ಗೊತ್ತಾಗುತ್ತಾ ಇಲ್ಲವಾ ಅಂತ" ಎಂದಳು. ನಾನು ತಲೆ ತಗ್ಗಿಸಿ ಬಂದೆ.

ಅವಳ ಪರವಾಗಿ ನಿನ್ನನ್ನು ಕೇಳುತ್ತಿದ್ದೇನೆ. ಬೇರೆ ದಾರಿ ಕಾಣದಿದ್ದರೆ ಹದಿನೈದನೇ ತಾರೀಖಿಗೆ ಸಹಿ ಹಾಕುತ್ತೇನೆ. ಹಾಕಿದ ಮೇಲೆ ಈ ಕೆಲಸದಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲ.


ಏಪ್ರಿಲ್ ೭

ಸಹಿ ಹಾಕಬೇಡಿ.

ನನಗೆ ಯಾವ ಕಾಯಿಲೆಯೂ ಇಲ್ಲ. ಬರೆದು ಬರೆದು ಹರಿದುಹಾಕಿದೆ. ಒಂದು ಕಡೆ ನೀವು ಹೇಳಿದ ಆ ಹೆಂಗಸು ಬುತ್ತಿ ಹಿಡಿದು ನಿಂತಿರುತ್ತಾಳೆ, ಇನ್ನೊಂದು ಕಡೆ ಇನ್ನೊಬ್ಬಳು. ಯಾರ ಮುಖ ನೋಡಿದರೂ ಕೈ ನಿಲ್ಲುತ್ತಿತ್ತು. ಆದರೆ ಬೇರೆಯವರ ಗಂಡನನ್ನು ಹಡಗು ಹತ್ತಿಸಿ ನಾನು ನನ್ನವಳನ್ನು ಉಳಿಸಿಕೊಂಡರೆ, ಅವಳೇ ನನ್ನ ಮುಖಕ್ಕೆ ಉಗಿಯುತ್ತಾಳೆ.

ಇದರ ಜೊತೆ ಅಮ್ಮನಿಗೆ ಒಂದು ಪತ್ರವಿದೆ. ಅವಳಿಗೆ ಓದು ಬರುವುದಿಲ್ಲ, ನೀವೇ ಓದಿ ಹೇಳಬೇಕು. ಮೊದಲು ನೀವೊಬ್ಬರೇ ಓದಬೇಡಿ. ನನ್ನ ಮೇಲಾಣೆ. ಓದಿ ಮುಗಿಸುವವರೆಗೆ ನೀವು ಪತ್ತೇದಾರರಲ್ಲ, ಅವಳ ಅಳಿಯ.

*

ಅಮ್ಮಾ,

ಇವರು ತೂಕದ ಕಲ್ಲು ನೋಡಲು ಬಂದವರಲ್ಲ. ನಿನ್ನ ಏಳೆಳೆ ಹಾರ ಕಳುವಾಗಿದೆ ಎಂದು ಹುಡುಕಲು ಬಂದಿದ್ದಾರೆ. ನೀನು ನೊಂದುಕೊಳ್ಳುತ್ತೀ ಎಂದು ನಿನಗೆ ಹೇಳಲಿಲ್ಲ, ಅವರ ಮೇಲೆ ಸಿಟ್ಟಾಗಬೇಡ.

ಖಜಾನೆ ಬಾಗಿಲಲ್ಲಿ ಇರುತ್ತಿದ್ದ ಕಾವಲುಗಾರನೇ ಕದ್ದನೆಂದು ಅವನನ್ನು ಸೆರೆಯಲ್ಲಿಟ್ಟಿದ್ದಾರೆ. ಈ ತಿಂಗಳ ಕೊನೆಗೆ ಕಡಲಾಚೆ ಕಳಿಸುತ್ತಾರೆ. ಅವನ ಹೆಂಡತಿ ದಿನವೂ ಬುತ್ತಿ ತಂದು ಹೊರಗೆ ನಿಲ್ಲುತ್ತಾಳೆ.

ಹಾರ ಎಲ್ಲಿದೆ ಎಂದು ನನಗೆ ಗೊತ್ತು ಅಂತ ನಾನು ಹೇಳುವುದಿಲ್ಲ. ಈ ಮನುಷ್ಯನ ಸಂಗತಿ ನಿನಗೆ ಗೊತ್ತಿರಲಿಲ್ಲ, ಅಷ್ಟು ಮಾತ್ರ ಗೊತ್ತು. ಗೊತ್ತಾದ ಮೇಲೆ ನೀನು ಒಂದು ಗಳಿಗೆಯೂ ಸುಮ್ಮನೆ ಕೂರುವವಳಲ್ಲ. ಅದಕ್ಕೇ ಇದನ್ನು ಬರೆಯಲು ನನಗೆ ಇಷ್ಟು ದಿನ ಹಿಡಿಯಿತು. ನನಗೆ ಬಹಳ ಭಯವಾಗುತ್ತಿದೆ ಅಮ್ಮಾ.

ನಿನ್ನ ಮಗಳು


ಏಪ್ರಿಲ್ ೧೩

ನನ್ನವಳೇ,

ಆಣೆ ಉಳಿಸಿಕೊಂಡೆ. ಬೆಳಿಗ್ಗೆ ಹಿತ್ತಲಲ್ಲಿ ಕೂತು ಓದಿದೆ. "ಕಳುವಾಗಿದೆ" ಎಂಬಲ್ಲಿಗೆ ಬಂದಾಗ ನನ್ನ ಧ್ವನಿ ಇಳಿಯಿತು. "ಗಟ್ಟಿಯಾಗಿ ಓದಿ" ಎಂದರು. ಪೂರ್ತಿ ಓದಿದೆ.

"ಕಾವಲುಗಾರ ಅಂದ್ರೆ ಯಾರು, ಆ ಕೆಮ್ಮಿನವನಾ?"

"ಹೌದು ಅತ್ತೆ."

"ಆ ಕೆಮ್ಮು ಇಟ್ಕೊಂಡು ಹಡಗು ಹತ್ತಿದ್ರೆ ಅರ್ಧ ದಾರೀಲೇ ಹೋಗಿಬಿಡ್ತಾನಲ್ಲ!"

ಎದ್ದು ನಿಂತು ಶಾಲು ತೆಗೆದರು.

ಆರು ಎಳೆ. ಕತ್ತಿನಿಂದ ಹೊಕ್ಕುಳವರೆಗೆ. ಅರಮನೆಯಲ್ಲಿ ಕಂಡ ಆ ಸೀಮೆಸುಣ್ಣದ ಎಳೆಯೂ ಇವೂ ಅಕ್ಕತಂಗಿಯರೆಂದರೆ ಯಾರೂ ನಂಬರು. ಆಗ ತಾನೇ ನೀರಿನಿಂದ ಎತ್ತಿದ ಹಾಗೆ, ಒಳಗೆಲ್ಲೋ ಗುಲಾಬಿ ಬೆಳಕು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನ ಕಥೆ ಕೇಳಿದ್ದೆ, ಆ ಪುಣ್ಯಾತ್ಮ ನಾನೇ ಎಂದು ಗೊತ್ತಿರಲಿಲ್ಲ. ನಗಬೇಕೆನಿಸಿತು, ಅಳುವೇ ಬಂತು.

ನನಗೆ ಮಂಗಳಾರತಿಯೂ ಆಯಿತು. "ಬಂದ ದಿನವೇ ಕೇಳಿದ್ರೆ ಕೊಡ್ತಿದ್ದೆನಲ್ಲ! ಒಬ್ಬನನ್ನ ಕೂಡಿಹಾಕಿ, ನೀವಿಲ್ಲಿ ತರಕಾರಿ ತೂಕದ ಕಥೆ ಹೇಳ್ತಾ ಕೂತಿದ್ರಾ?" ಎಂದರು. ಅವರ ಎದೆ ಒಡೆಯದಿರಲೆಂದು ನಾನು ಮುಚ್ಚಿಟ್ಟ ಒಂದು ಸುದ್ದಿಗೆ ಆ ಮನುಷ್ಯ ಇಷ್ಟು ದಿನ ಕಂಬಿ ಎಣಿಸಿದ.

ನಡೆದದ್ದು ಹೀಗೆ. ಮುದ್ರೆ ಒತ್ತುವ ದಿನ ಕೊನೆಯದಾಗಿ ದಾರ ನೋಡಲು ಅತ್ತೆಯನ್ನೇ ಕರೆಸಿದ್ದರು. ಒಳಗಿನ ಎಳೆ ಆಗಲೇ ಸತ್ತಿತ್ತಂತೆ. ಉಳಿದವೂ ಕಬ್ಬಿಣದ ಪೆಟ್ಟಿಗೆಯಲ್ಲಿ ಸಾಯುತ್ತವೆ, ವರ್ಷಕ್ಕೊಮ್ಮೆಯಾದರೂ ಯಾರಾದರೂ ಹಾಕಿಕೊಳ್ಳಲಿ ಎಂದು ಬೇಡಿಕೊಂಡರೆ ಅಧಿಕಾರಿ, "ಮುತ್ತು ಕೆಮ್ಮುತ್ತಾ ಅಜ್ಜಿ?" ಎಂದು ನಕ್ಕನಂತೆ. ಅತ್ತೆ ಸತ್ತ ಎಳೆಯನ್ನು ಕತ್ತರಿಸಿ ಪೆಟ್ಟಿಗೆಗೆ ಹಾಕಿದರು. ಜೀವವಿದ್ದ ಆರನ್ನು ಎಂದಿನಂತೆ ಕತ್ತಿಗೆ ಹಾಕಿ, ಶಾಲು ಹೊದ್ದು, ಅವನ ಮುಂದೆಯೇ ನಡೆದು ಬಂದರು. ಆತ ಪೆಟ್ಟಿಗೆ ತೆರೆದೂ ನೋಡದೆ ಮುದ್ರೆ ಒತ್ತಿದ. ಕಣ್ಣಾರೆ ಕಂಡೆನೆಂಬ ಅವನ ಸಹಿಯನ್ನು ನಂಬಿ ನಾನು ಮುದ್ರೆಯ ನಂತರದ ದಿನಗಳನ್ನೆಲ್ಲ ಜಾಲಾಡಿದೆ, ಮುದ್ರೆ ಒತ್ತಿದ ದಿನವನ್ನೇ ಕೇಳಲಿಲ್ಲ.

"ಮದುವೆಗೆ ಮುಂಚೆ ದಾರ ಬದಲಿಸೋಕೆ ಕರೆದೇ ಕರೀತಾರೆ, ಆಗ ತಗೊಂಡು ಹೋಗೋಣ ಅಂತಿದ್ದೆ. ಕರೀಲೇ ಇಲ್ಲ" ಎಂದರು.

ಇಬ್ಬರೂ ಅರಮನೆಗೆ ಹೋದೆವು. ಈಗ ನಿಜವಾದ ತೊಡಕು. ಕಳ್ಳತನ ಎಂದು ಬರೆದರೆ ಅಧಿಕಾರಿಯ ಸಹಿ ಸುಳ್ಳಾಗುತ್ತದೆ, ಕಾವಲುಗಾರನ ಮೇಲೆ ಎಚ್ಚರಗೇಡಿತನದ ಅಪವಾದ ಉಳಿಯುತ್ತದೆ, ಅತ್ತೆ ಹಡಗು ಹತ್ತುತ್ತಾರೆ. ಅದಕ್ಕೆ ಅಧಿಕಾರಿ ಒಂದು ಕಾಗದ ಮಾಡಿದ್ದಾನೆ: ಹಾರವನ್ನು ದುರಸ್ತಿಗೆ ಕೊಡಲಾಗಿತ್ತು, ಕಣ್ಣು ಮಂಜಾಗಿ ಕೈ ಸೋತ ಮುದುಕಿ ಒಂದು ಎಳೆ ಕೆಡಿಸಿ, ಉಳಿದದ್ದನ್ನು ಪೋಣಿಸಲಾಗದೆ ಮನೆಯಲ್ಲಿಟ್ಟು ಮರೆತಿದ್ದಳು. ಹೆಬ್ಬೆಟ್ಟು ಒತ್ತಿದರೆ ಕಳ್ಳತನವೇ ಇಲ್ಲ, ಕಳ್ಳರೂ ಇಲ್ಲ. ಕಾಗದದ ಪ್ರತಿಯನ್ನು ಪೇಟೆ ಬಾಗಿಲಿಗೆ ಅಂಟಿಸುತ್ತಾರೆ.

ಅತ್ತೆ ಕೈ ಹಿಂದಕ್ಕೆಳೆದುಕೊಂಡರು. "ಕಳ್ಳಿ ಅಂತ ಬರ್ಕೊಳಿ, ಕೇಳದೆ ತಂದದ್ದು ನಿಜ. ಕೆಲಸ ಬಾರದವಳು ಅಂತ ಬರೀಬೇಡಿ. ನನ್ನ ಕೈ ಇವತ್ತಿನವರೆಗೆ ಒಂದು ಗಂಟು ತಪ್ಪಿಲ್ಲ" ಎಂದರು. ಎಷ್ಟು ಹೇಳಿದರೂ ಅದೇ ಮಾತು. ಕಾಗದ ಮುಗಿಯುವವರೆಗೆ ಕಾವಲುಗಾರ ಒಳಗೇ. ನೀನು ಒಂದು ಮಾತು ಬರೆದರೆ ಕೇಳಿಯಾರು. ಬೇಗ.


ಏಪ್ರಿಲ್ ೧೭

ನಾನು ಬರೆಯಲಾರೆ.

ಒಂದು ಸಲ ಪತ್ರ ಬರೆದು ಅವಳ ಕತ್ತಿನಿಂದ ಹಾರ ತೆಗೆಸಿದೆ. ಈಗ ಕೈಯ ಹೆಸರನ್ನೂ ತೆಗೆದುಕೊಡು ಎಂದು ಯಾವ ಬಾಯಲ್ಲಿ ಹೇಳಲಿ? ಅಪ್ಪ ಹೋದ ಮೇಲೆ ಆ ಹೆಸರೊಂದನ್ನೇ ಕಟ್ಟಿಕೊಂಡು ಅವಳು ನನ್ನನ್ನು ಸಾಕಿದ್ದು. ನಾನು ಮದುವೆಯಾಗಿ ಬಂದ ಮೇಲೆ ಅವಳ ಜೊತೆ ಇದ್ದದ್ದೂ ಅದೇ.

ಹೀಗೆ ಮಾಡಿ. ಅವಳನ್ನು ಸೆರೆಮನೆಯ ಬಾಗಿಲಿಗೆ ಕರೆದುಕೊಂಡು ಹೋಗಿ. ಏನೂ ಹೇಳಬೇಡಿ, ಬುದ್ಧಿವಾದ ಬೇಡವೇ ಬೇಡ. ಬುತ್ತಿಯ ಹೊತ್ತಿಗೆ ಸ್ವಲ್ಪ ನಿಲ್ಲಲಿ. ಆಮೇಲೆ ಅವಳ ಇಷ್ಟ. ಹಡಗು ಹತ್ತುತ್ತೇನೆ ಎಂದರೆ ನನಗೆ ತಿಳಿಸಿ, ನಾನು ಬರುತ್ತೇನೆ.


ಏಪ್ರಿಲ್ ೨೯

ನನ್ನವಳೇ,

ನೀನು ಹೇಳಿದಂತೆ ಮಾಡಿದೆ. ಬಿಸಿಲಲ್ಲಿ ನಿಂತೆವು. ಕಾವಲುಗಾರನ ಹೆಂಡತಿ ಬಂದು ಬುತ್ತಿ ಕೊಟ್ಟು, ಹಿಂದಿನ ದಿನದ ಖಾಲಿ ಪಾತ್ರೆ ಇಸಿದುಕೊಂಡಳು. ಮುಚ್ಚಳ ತೆಗೆದು, ಗಂಡ ಪೂರ್ತಿ ಉಂಡಿದ್ದಾನೋ ಇಲ್ಲವೋ ಎಂದು ನೋಡಿದಳು. ಅರ್ಧ ಹಾಗೇ ಇತ್ತು. ಮುಚ್ಚಳ ಹಾಕಿ ಹೋದಳು. 'ಮನೆಗೆ' ಎಂದು ನಾನು ತಿರುಗಿದರೆ ಅತ್ತೆ ಅರಮನೆಯ ದಾರಿ ಹಿಡಿದಿದ್ದರು. ಹೆಬ್ಬೆಟ್ಟು ಒತ್ತಿದರು. ಕಳ್ಳತನ ನಡೆದಿಲ್ಲ ಎಂಬ ಕಾಗದಕ್ಕೆ ನಾನೂ ಸಹಿ ಹಾಕಿದೆ, ಹೆಮ್ಮೆಯಿಂದಲ್ಲ.

ಕಾವಲುಗಾರ ಮನೆಗೆ ಹೋದ. ಹಡಗು ಅವನಿಲ್ಲದೆ ಹೊರಟಿತು. ಮುತ್ತು ಕಬ್ಬಿಣದ ಪೆಟ್ಟಿಗೆಗೆ ಹೋಯಿತು, ಮದುವೆಯ ದಿನ ಒಮ್ಮೆ ಹೊರಬಂದು ತಿರುಗಿ ಅಲ್ಲಿಗೇ ಹೋಗುತ್ತದೆ. ಅತ್ತೆ ಇನ್ನು ಅರಮನೆಯ ಮೆಟ್ಟಿಲು ತುಳಿಯುವಂತಿಲ್ಲ.

ಪೇಟೆ ಬಾಗಿಲಲ್ಲಿ ಕಾಗದ ಅಂಟಿಸಿದ ಮಾರನೆಯ ದಿನವೇ ಗಿರಾಕಿಗಳು ಬಂದು ದುರಸ್ತಿಗೆ ಕೊಟ್ಟ ಸರಗಳನ್ನು ವಾಪಸು ಒಯ್ದರು. ಯಾರೂ ಕೆಟ್ಟ ಮಾತಾಡಲಿಲ್ಲ. "ನಿಮಗ್ಯಾಕೆ ಶ್ರಮ" ಎಂದರು. ಬೈದಿದ್ದರೆ ಅತ್ತೆ ತಿರುಗಿ ಬೈದು ಹಗುರಾಗುತ್ತಿದ್ದರು. ತರಕಾರಿಯವನು ಕೂಡ ಈಗ ಒಂದು ಹಿಡಿ ಹೆಚ್ಚೇ ಹಾಕುತ್ತಾನೆ.

ಮೂರು ದಿನದ ಹಿಂದೆ ಕಾವಲುಗಾರನ ಹೆಂಡತಿ ಬಂದಳು. ಜಗಳಕ್ಕೆ ಬಂದಳೆಂದು ನಾನು ಅಡ್ಡ ಹೋದೆ. ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಅವಳನ್ನು ಒಳಗೆ ಕರೆದು ಚಾಪೆ ಹಾಸಿ ಕೂರಿಸಿದರು. ಕೂತವರೇ ಹೇಳಿಬಿಟ್ಟರು:

"ನೋಡಮ್ಮ, ಆ ಕಾಗದದಲ್ಲಿ ಬರೆದದ್ದೆಲ್ಲ ಸುಳ್ಳು. ನಾನು ಮರೆತದ್ದಲ್ಲ, ಕದ್ದದ್ದು. ಬೇಕು ಅಂತಲೇ ಕದ್ದೆ. ನನ್ನಿಂದ ನಿನ್ನ ಗಂಡ ಒಳಗಿದ್ದ. ನಿನಗೆ ಗೊತ್ತಿರಬೇಕು."

ಅವಳು ಹೋಗಿ ಒಂದು ಮಾತು ಹೇಳಿದರೆ ಎಲ್ಲ ಮೊದಲಿನಿಂದ. ಆದರೆ ಅವಳು ಅತ್ತೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಕ್ಕಳಿಗೆ ಹೇಳುವಂತೆ ಮೆಲ್ಲಗೆ, "ಆಗಲಿ ಬಿಡಿ ಅಮ್ಮ, ಏನೇನೋ ಮನಸ್ಸಿಗೆ ಹಚ್ಕೋಬೇಡಿ. ವಯಸ್ಸಾದ ಮೇಲೆ ಮರೆವು ಯಾರಿಗಿಲ್ಲ? ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಂತ ಹೇಳಿ ಹೋಗೋಣ ಅಂತಲೇ ಬಂದೆ" ಎಂದಳು. ಹೊರಡುವಾಗ ಬಾಗಿಲಲ್ಲಿ ನನ್ನನ್ನು ಕರೆದು, "ಚೆನ್ನಾಗಿ ನೋಡ್ಕೊಳಿ, ಪಾಪ, ತಲೆ ಸ್ಥಿಮಿತದಲ್ಲಿಲ್ಲ" ಎಂದು ಪಿಸುಗುಟ್ಟಿದಳು.

ಅತ್ತೆಗೆ ಅದು ಕೇಳಿಸಿತು. ಅಂದಿನಿಂದ ಊಟ ಸರಿಯಾಗಿ ಮಾಡುತ್ತಿಲ್ಲ. "ಸುಳ್ಳಿಗೆ ಹೆಬ್ಬೆಟ್ಟು ಒತ್ತಿದೆ, ಒಬ್ಬಳಿಗಾದ್ರೂ ನಿಜ ಹೇಳೋಣ ಅಂದ್ರೆ, ಈಗ ಅದನ್ನೂ ಯಾರೂ ನಂಬಲ್ಲ" ಎನ್ನುತ್ತಾರೆ. ನಾನು ಏನು ಹೇಳಿದರೂ ಸಮಾಧಾನದ ಮಾತು ಎಂದುಕೊಳ್ಳುತ್ತಾರೆ.


ಮೇ ೪

ಇದನ್ನು ಅಮ್ಮನಿಗೆ ಓದಿ ಹೇಳಿ. ಗಟ್ಟಿಯಾಗಿ ಓದಿ. ಬೀದಿಗೆ ಕೇಳಿಸುವುದಾದರೆ ಕೇಳಿಸಲಿ.

ಅಮ್ಮಾ,

ನೀನೇ ಕದ್ದದ್ದು. ಮರೆವಿನಿಂದಲ್ಲ, ಕಣ್ಣು ಮಂಜಾಗಿಯೂ ಅಲ್ಲ. ಯಾವ ಎಳೆ ಸತ್ತಿದೆ, ಯಾವುದಕ್ಕೆ ಜೀವವಿದೆ ಎಂದು ನೋಡಿ ಆರಿಸಿ, ನಡುಗದ ಕೈಯಲ್ಲಿ ಕತ್ತರಿಸಿ, ಅಧಿಕಾರಿಯ ಕಣ್ಣೆದುರೇ ಕದ್ದೆ. ನಿನ್ನಷ್ಟು ಅಚ್ಚುಕಟ್ಟಾಗಿ ಆ ಅರಮನೆಯಲ್ಲಿ ಯಾರೂ ಕದ್ದಿಲ್ಲ.

ನನ್ನ ಅಮ್ಮ ಕಳ್ಳಿ. ನಾನು ನಂಬುತ್ತೇನೆ. ಎದ್ದು ಊಟ ಮಾಡು.